ಅಡಿಕೆಯಿಂದ ಹೊರಟ ಅಣು

ಮಂಗಳೂರಿನ ಬಂದರಿನಲ್ಲಿ ಚಾಲಿ ಅಡಿಕೆಯ ದರ ವಿಚಾರಿಸುವವರು ಬಹಳ. ಅದರೊಳಗಿನ ಅರಿಕೋಲಿನ್ ಎಂಬ ರಾಸಾಯನಿಕದ ಬಗ್ಗೆ ವಿಚಾರಿಸುವವರು ಕಡಿಮೆ. 1973ರಲ್ಲಿ ಅಡಿಕೆ ಬೆಳೆಗಾರರು ಕ್ಯಾಂಪ್ಕೊ ಎಂಬ ತಮ್ಮ ಸಹಕಾರ ಸಂಸ್ಥೆಯನ್ನು ಕಟ್ಟಿಕೊಂಡ ಊರಿದು. ಆ ರಾಸಾಯನಿಕಕ್ಕೂ ಇಲ್ಲಿ ಒಂದಿಷ್ಟು ಮರ್ಯಾದೆ ಸಲ್ಲಬೇಕು.

ಅಡಿಕೆ ಜಗಿದಾಗ ಬಾಯಲ್ಲಿ ನೀರೂರುವುದು, ಮೈ ಬೆವರುವುದು ಏಕೆ? ನರಗಳು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ ಸುದ್ದಿ ಮುಟ್ಟಿಸುತ್ತವೆ. ಅದನ್ನೇ ಅನುಕರಿಸುವ ಅರಿಕೋಲಿನ್ ಜೀವಕೋಶದ ಹೊರಪೊರೆಯಲ್ಲಿ ಆ ಸುದ್ದಿ ಹಿಡಿಯುವ ಮಸ್ಕರಿನಿಕ್ ರಿಸೆಪ್ಟರ್‌ಗಳಿಗೆ ಅಂಟಿಕೊಳ್ಳುತ್ತದೆ. ಜೊಲ್ಲು ಗ್ರಂಥಿಯಲ್ಲಿ ಇವುಗಳದೇ ಒಂದು ಬಗೆಯಾದ ಎಂ3 ರಿಸೆಪ್ಟರ್ ಒಳಗಿನ ಜಿ-ಪ್ರೊಟೀನನ್ನು ಎಬ್ಬಿಸುತ್ತದೆ, ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಜೊಲ್ಲು ಸುರಿಯುತ್ತದೆ. ಇಷ್ಟಕ್ಕೆ ಅಣು ಕೋಶದ ಒಳಗೆ ಕಾಲಿಡಬೇಕಾಗಿಯೇ ಇಲ್ಲ, ಮಾತುಕತೆಯೆಲ್ಲ ಹೊಸ್ತಿಲಲ್ಲೇ!

ಅರಿಕೋಲಿನ್‌ನ ರಚನೆಯನ್ನು ತಿದ್ದಿ ವಿಜ್ಞಾನಿಗಳು ಕ್ಸಾನೊಮೆಲಿನ್ ಎಂಬ ಔಷಧಿ ರೂಪಿಸಿದರು. ಮಿದುಳಿನ ಎಂ1, ಎಂ4 ರಿಸೆಪ್ಟರ್‌ಗಳ ಮೇಲೆ ಅದರ ಒಲವು. ಆದರೆ 1990ರ ದಶಕದ ಪ್ರಯೋಗಗಳಲ್ಲಿ ವಾಕರಿಕೆ, ವಾಂತಿಯ ಕಾಟ ಹೆಚ್ಚಾಗಿ ಮೂಲೆ ಸೇರಿತು.

ಆಮೇಲಿನ ಉಪಾಯ ನಿಜಕ್ಕೂ ಸೊಗಸು. ಮಿದುಳಿಗೆ ಅಷ್ಟಾಗಿ ನುಸುಳದ ಟ್ರೋಸ್ಪಿಯಂ ಎಂಬ ಹಳೆಯ ಮೂತ್ರಕೋಶದ ಔಷಧಿಯನ್ನು ಜೊತೆಗೆ ಸೇರಿಸಿದರು. ಹೊಟ್ಟೆಯ ರಿಸೆಪ್ಟರ್‌ಗಳನ್ನು ಅದು ತಡೆದು ನಿಲ್ಲಿಸಿದರೆ, ಮಿದುಳಿನಲ್ಲಿ ಕ್ಸಾನೊಮೆಲಿನ್‌ಗೆ ದಾರಿ ಮುಕ್ತ. ಅಡ್ಡಪರಿಣಾಮ ಪೂರ್ತಿ ಹೋಗಲಿಲ್ಲ, ತಗ್ಗಿತು. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಈ ಜೋಡಿಗೆ ಸ್ಕಿಜೋಫ್ರೇನಿಯಾ ಚಿಕಿತ್ಸೆಗಾಗಿ ಒಪ್ಪಿಗೆ ಕೊಟ್ಟಿತು. ಡೋಪಮಿನ್ ರಿಸೆಪ್ಟರನ್ನು ನೇರವಾಗಿ ತಡೆಯುವ, 1950ರ ದಶಕದಿಂದ ಬಂದ ಪದ್ಧತಿಗಿಂತ ಇದು ಬೇರೆಯೇ ದಾರಿ.

ಹಾಗೆಂದು ಅಡಿಕೆ ಜಗಿದರೆ ಮನೋರೋಗ ವಾಸಿಯಾಗದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ಹೆಸರಿಸಿದೆ.