ಪ್ರೇರಿತ ಮತ್ಸ್ಯ ಸಂತಾನೋತ್ಪತ್ತಿ: ಒಂದು ವಿಮರ್ಶೆ
ಬೆಂಗಳೂರಿನ ಹೆಬ್ಬಾಳ ಮತ್ತು ಹೆಸರಘಟ್ಟಗಳಲ್ಲಿ ಒಳನಾಡು ಮೀನುಗಾರಿಕೆಯ ಸಂಶೋಧನಾ ಕೇಂದ್ರಗಳಿವೆ. ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಪ್ರೌಢವಾದರೂ ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ತೊಡಕನ್ನು ನಿವಾರಿಸಿದರು. ಅನಂತರ ಬಳಕೆಗೆ ಬಂದ ‘ಓವಾಪ್ರಿಮ್’ನ ಒಂದು ಘಟಕ ಮೀನಿನ ಪಿಟ್ಯುಟರಿಯನ್ನೇ ಪ್ರಚೋದಿಸುತ್ತದೆ, ಇನ್ನೊಂದಾದ ಡೊಂಪೆರಿಡೋನ್, ಡೋಪಮಿನ್ ಒಡ್ಡುವ ತಡೆಯನ್ನು ತೆಗೆಯುತ್ತದೆ.

ಈ ಸಾಧನೆಯನ್ನು ಮರಿಗಳ ಸಂಖ್ಯೆಯಿಂದಷ್ಟೇ ಅಳೆಯುವ ರೂಢಿ ಒಪ್ಪತಕ್ಕದ್ದಲ್ಲ. ಹಾರ್ಮೋನು ಮೊಟ್ಟೆಯನ್ನು ಸೃಷ್ಟಿಸುವುದಿಲ್ಲ; ಬಲಿತ ಮೊಟ್ಟೆಯನ್ನು ಅಂತಿಮ ಪಕ್ವತೆಗೆ ತಂದು ಹೊರಹಾಕಿಸುತ್ತದೆ, ಅಷ್ಟೆ. ತಾಯಿಮೀನಿನ ಪೋಷಣೆಗೆ ಅದು ಬದಲಿಯಲ್ಲ. ಒಂದೊಂದು ಹೆಣ್ಣುಮೀನೂ ಲಕ್ಷಗಟ್ಟಲೆ ಮೊಟ್ಟೆಯಿಡುವುದರಿಂದ, ಚುಚ್ಚುಮದ್ದು ಸುಲಭವಾದಷ್ಟೂ ಕೆಲವೇ ಜೋಡಿಗಳನ್ನು ಮತ್ತೆ ಮತ್ತೆ ಬಳಸುವ ಆಮಿಷ ಹೆಚ್ಚುತ್ತದೆ. 1990ರಲ್ಲಿ ಪ್ರಕಟವಾದ ಏಕನಾಥ್ ಮತ್ತು ಡಾಯ್ಲ್ ಅವರ ಅಧ್ಯಯನವು ಕರ್ನಾಟಕದ ಮೀನುಮರಿ ಉತ್ಪಾದನಾ ಕೇಂದ್ರಗಳಲ್ಲಿ ರಕ್ತಸಂಬಂಧಿ ಮೀನುಗಳ ಒಳಸಂತಾನದ ದರ ಶೇ. 2ರಿಂದ 17ರವರೆಗೆ ಇದ್ದುದನ್ನು ಅಂದಾಜಿಸಿತು. ಇದರ ಫಲವಾದ ಕುಂಠಿತ ಬೆಳವಣಿಗೆಯ ನಷ್ಟ ಬೀಳುವುದು ಮರಿ ಕೊಂಡ ರೈತನ ಮೇಲೆ. ಆದುದರಿಂದ ಔಷಧದ ಪ್ರಮಾಣದಂತೆಯೇ ಜೋಡಿಗಳ ವಂಶದಾಖಲೆಯನ್ನೂ ಇಡುವುದು, ಹೊರಗಿನ ತಳಿಮೀನುಗಳನ್ನು ಕಾಲಕಾಲಕ್ಕೆ ಸೇರಿಸುವುದು ಈ ವಿಧಾನದ ಅವಿಭಾಜ್ಯ ಅಂಗವೆಂದು ಪರಿಗಣಿಸಬೇಕು.