ಚಿತ್ರಪಟ್ಟಿಯ ವಾಕ್ಯಕ್ರಮ: ಒಂದು ವಿಮರ್ಶೆ

ಸ್ವಲೀನತೆ ಅಥವಾ ಆಟಿಸಂ ಉಳ್ಳ ಮಕ್ಕಳಲ್ಲಿ ಕೆಲವರಿಗೆ ಬಾಯಿಮಾತು ಒದಗುವುದಿಲ್ಲ. ಇಂಥವರಿಗಾಗಿ ಆಂಡಿ ಬಾಂಡಿ, ಲೋರಿ ಫ್ರಾಸ್ಟ್ ಎಂಬಿಬ್ಬರು 1985ರಲ್ಲಿ ಅಮೆರಿಕದ ಡೆಲವೇರ್ ರಾಜ್ಯದಲ್ಲಿ ಚಿತ್ರವಿನಿಮಯ ಪದ್ಧತಿಯನ್ನು ರೂಪಿಸಿದರು. ಮಗು ತನಗೆ ಬೇಕಾದ ವಸ್ತುವಿನ ಚಿತ್ರವನ್ನು ಎದುರಿನವರ ಕೈಗಿತ್ತು ಅದನ್ನು ಪಡೆಯುತ್ತದೆ. ಮೊದಲ ಮಾತು ಮಗುವಿನದೇ ಆಗಬೇಕೆಂಬುದು ಇದರ ತಿರುಳು. ಅದು ನಿಸ್ಸಂದೇಹವಾಗಿ ಶ್ಲಾಘ್ಯ.

ವಿಚಾರಣೀಯವಾದುದು ನಾಲ್ಕನೆಯ ಹಂತ. ಅಲ್ಲಿ ಮಗು ಒಂದು ಪಟ್ಟಿಯ ಮೇಲೆ ‘ಐ ವಾಂಟ್’ ಎಂಬ ಚೀಟಿಯನ್ನು ಮೊದಲಿಟ್ಟು, ವಸ್ತುವಿನ ಚಿತ್ರವನ್ನು ಅನಂತರ ಇಡುತ್ತದೆ. ಆರನೆಯ ಹಂತದಲ್ಲಿ ‘ಐ ಸೀ’ ಬರುತ್ತದೆ. ಎರಡೂ ಇಂಗ್ಲಿಷಿನ ಪದಕ್ರಮಗಳು. ಕನ್ನಡದಲ್ಲಾದರೋ ಬಯಸುವವರೂ ಕಾಣುವವರೂ ಚತುರ್ಥಿಯಲ್ಲಿ ನಿಲ್ಲುತ್ತಾರೆ: ‘ನನಗೆ ನೀರು ಬೇಕು’, ‘ನನಗೆ ಹಕ್ಕಿ ಕಾಣುತ್ತದೆ’. ಕ್ರಿಯೆ ಕಡೆಯಲ್ಲಿ ಬರುತ್ತದೆ. ಚೀಟಿಗೆ ಚೀಟಿಯಿಟ್ಟು ‘ನಾನು ಬೇಕು’ ಎಂದು ಭಾಷಾಂತರಿಸಿದರೆ, ಬಯಸುವ ಮಗುವೇ ಬಯಕೆಯ ವಸ್ತುವಾಗಿಬಿಡುತ್ತದೆ!

ಮಾತನಾಡುವ ಟ್ಯಾಬ್ಲೆಟ್‌ಗಳಲ್ಲಿಯೂ ಎಡಕ್ಕೆ ಸರ್ವನಾಮ, ನಡುವೆ ಕ್ರಿಯಾಪದ, ಬಲಕ್ಕೆ ನಾಮಪದ ಎಂಬ ವಿನ್ಯಾಸ ರೂಢಿಯಲ್ಲಿದೆ. ಯಂತ್ರವು ಮುಟ್ಟಿದ ಕ್ರಮದಲ್ಲಿಯೇ ನುಡಿಯುವುದಾದರೆ, ಮಗು ಮನೆಯಲ್ಲಿ ಕೇಳುವ ಕನ್ನಡ ಒಂದು, ಅದರ ಹೆಸರಿನಲ್ಲಿ ಹೊರಡುವ ಕನ್ನಡ ಇನ್ನೊಂದು ಆಗುತ್ತದೆ. ಮಾತಿಗೆ ಬೇರೆ ಆಸರೆಯಿಲ್ಲದವರ ಮೇಲೆ ಈ ಹೊರೆಯನ್ನು ಹೊರಿಸುವುದು ಅನ್ಯಾಯ.

ಪರಿಹಾರ ನಮ್ಮ ನುಡಿಯಲ್ಲಿಯೇ ಇದೆ. ‘ನನಗೆ’ ಎಂಬುದು ಲೋಪವಾದರೂ ವಾಕ್ಯ ಕೆಡದು. ‘ನೀರು’ ಎಂಬುದಕ್ಕೆ ಪ್ರತ್ಯಯ ಹತ್ತಬೇಕಾಗಿಲ್ಲ. ಚಿತ್ರ ಮೊದಲು, ‘ಬೇಕು’ ಅನಂತರ: ಎರಡೇ ಚೀಟಿಗಳಿಂದ ವಾಕ್ಯ ಪೂರ್ಣವಾಗುತ್ತದೆ. ಪಕ್ಕದಲ್ಲಿ ‘ಬೇಡ’ ಎಂಬ ಚೀಟಿಯೂ ಇರಬೇಕು. ನಿರಾಕರಿಸುವ ಹಕ್ಕು ಮಗುವಿಗೂ ಉಂಟು. ಇಂಥ ಉಪಕರಣಗಳನ್ನು ರಚಿಸುವವರಿಗೆ ಕನ್ನಡ ವೈಯಾಕರಣರ ನೆರವು ಅತ್ಯಾವಶ್ಯಕ.