ಮುಚ್ಚಳ ತೆಗೆಯಬೇಡಿ

ಸೊಗದೆ ಬೇರಿನ ಶರಬತ್ತು ಕುದಿಸಿದ ದಿನ ಪರಿಮಳ ಮೂರನೇ ಮಹಡಿಗೂ ಹೋಗಿತ್ತು ಎಂದು ಹಿಗ್ಗುವವರು ಮುಂಬಯಿಯ ಸಯನ್, ಮಾಟುಂಗಾದ ನಮ್ಮ ಕನ್ನಡಿಗರ ಮನೆಗಳಲ್ಲಿ ಬೇಕಾದಷ್ಟಿದ್ದಾರೆ. ಪಾಪ, ಮೂರನೇ ಮಹಡಿಗೆ ಹೋದದ್ದು ಸೀಸೆಗೆ ಬರಲಿಲ್ಲ. ಅವರಿಗೆ ಉಳಿದದ್ದು ಕಂದು ಬಣ್ಣದ ಸಕ್ಕರೆ ಪಾಕ.

ಈ ಬೇರಿನ ವಾಸನೆ ಆವಿಯ ಜೊತೆ ಎದ್ದು ಹೋಗುವ ಜಾತಿಯದು. ಅದರ ತೈಲ ಬೇಕಾದವರು ಆವಿಯಲ್ಲೇ ಬಟ್ಟಿ ಇಳಿಸುತ್ತಾರೆ. ಪರಿಮಳದ ಮುಖ್ಯ ಅಂಶವನ್ನು ರಸಾಯನಶಾಸ್ತ್ರದವರು 2-ಹೈಡ್ರಾಕ್ಸಿ-4-ಮೆಥಾಕ್ಸಿ ಬೆಂಜಾಲ್ಡಿಹೈಡ್ ಎನ್ನುತ್ತಾರೆ. ಹೆಸರಿಗೆ ಹೆದರಬೇಡಿ. ವೆನಿಲಾದ ವೆನಿಲಿನ್‌ನಲ್ಲಿ ಇರುವಷ್ಟೇ ಇಂಗಾಲ, ಜಲಜನಕ, ಆಮ್ಲಜನಕ ಇದರಲ್ಲೂ ಇವೆ, ಕೂತ ಜಾಗ ಮಾತ್ರ ಬೇರೆ. ಸೊಗದೆಯ ಶರಬತ್ತು ಮೊದಲ ಸಲ ಕುಡಿದ ಮಕ್ಕಳು 'ಐಸ್‌ಕ್ರೀಂ ವಾಸನೆ' ಎನ್ನುವುದು ಸುಮ್ಮನೆ ಅಲ್ಲ.

ಆಯುರ್ವೇದ ಮಹಾವಿದ್ಯಾಲಯವಿರುವ ಊರು ನಮ್ಮದು, ಬೇರು ನಾರುಗಳ ಹೆಸರು ಹೇಳಿದರೆ ಯಾರೂ ಕಣ್ಣರಳಿಸುವುದಿಲ್ಲ. ಗ್ರಂಧಿಗೆ ಅಂಗಡಿಯಲ್ಲಿ ಅನಂತಮೂಳ ಎಂದು ಕೇಳಿ, ಹಳೆಯ ಮರಾಠಿಗರಾದರೆ ಉಪಳಸರಿ ಎಂದರೂ ತಿಳಿಯುತ್ತದೆ. ಕೊಳ್ಳುವ ಮೊದಲು ಒಂದು ಕಡ್ಡಿ ಮುರಿದು ಮೂಸಿ. ಅಂಗಡಿಯವರು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ. ಮುರಿದಲ್ಲಿ ವಾಸನೆ ಬರದಿದ್ದರೆ ಅದು ಹಳೆಯ ದಾಸ್ತಾನು, ಬರೀ ಸೌದೆ.

ಘಮವೆಲ್ಲ ಇರುವುದು ಸಿಪ್ಪೆಯಲ್ಲಿ, ನಡುವಿನ ನಾರು ತೂಕಕ್ಕೆ ಮಾತ್ರ. ಬೇರನ್ನು ತೊಳೆದು, ಗುಂಡುಕಲ್ಲಿನಿಂದ ಜಜ್ಜಿ, ನಾರು ಎಸೆಯಿರಿ. 50 ಗ್ರಾಂ ಸಿಪ್ಪೆಗೆ 300 ಮಿಲಿ ನೀರು ಸಾಕು. ನೀರು ಕುದಿಸಿ, ಬೆರಳು ತಾಳುವಷ್ಟು ಆರಿದ ಮೇಲೆ ಸುರಿದು, ಬಿಗಿಯಾಗಿ ಮುಚ್ಚಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಸೋಸಿ, ತೂಗಿ, ಅದರ ಎರಡರಷ್ಟು ತೂಕದ ಸಕ್ಕರೆ ಹಾಕಿ. ಇಷ್ಟೊಂದು ಸಕ್ಕರೆಯೇ ಎಂದು ಹುಬ್ಬೇರಿಸಬೇಡಿ. ಔಷಧ ತಯಾರಕರ ಸಾದಾ ಸಿರಪ್ಪಿನಲ್ಲೂ ತೂಕದಲ್ಲಿ ಶೇಕಡಾ 66.7 ಸಕ್ಕರೆಯೇ, ಅಷ್ಟು ಗಟ್ಟಿ ಪಾಕದಲ್ಲಿ ಬೂಸುರು ಬೇರೂರುವುದು ಕಷ್ಟ. ಕೈ ಹಿಡಿತ ಮಾಡಿ ಅರ್ಧ ಸಕ್ಕರೆ ಹಾಕಿದವರ ಸೀಸೆ ಜುಲೈ ತಿಂಗಳ ಥಂಡಿಯಲ್ಲಿ ನೊರೆಯೇಳುತ್ತದೆ. ಇನ್ನೊಂದು ಲಾಭ ಮುಂಬಯಿಯ ಸೆಕೆಯದು: ಇಷ್ಟು ಸಕ್ಕರೆ ಒಲೆಯ ಹಂಗಿಲ್ಲದೆ ಕರಗುತ್ತದೆ. ಮುಚ್ಚಿದ ಸೀಸೆಯನ್ನು ಆಗಾಗ ಅಲುಗಿಸುತ್ತಿದ್ದರೆ ಆಯಿತು.

ಮದ್ಯಸಾರದಲ್ಲಿ ನೆನೆಸಿದರೆ ಇನ್ನೂ ಚೆನ್ನಾಗಿ ಬರುತ್ತದಲ್ಲ ಎಂದು ಕೇಳುವವರಿದ್ದಾರೆ. ಬರುತ್ತದೆ. ವೆನಿಲಾಕ್ಕಂತೂ ಅದೇ ದಾರಿ. ಅಮೆರಿಕದ ನಿಯಮದಲ್ಲಿ ಶೇಕಡಾ 35ಕ್ಕಿಂತ ಕಡಿಮೆ ಮದ್ಯಸಾರವಿದ್ದರೆ ಅದನ್ನು ವೆನಿಲಾ ಸಾರವೆಂದು ಕರೆಯುವಂತೆಯೇ ಇಲ್ಲ. ನಮ್ಮಲ್ಲಿ ಸಿಗುವ ವೋಡ್ಕಾದಲ್ಲಿ ಶೇಕಡಾ 42.8 ಇರುತ್ತದೆ, ಧಾರಾಳವಾಯಿತು. ಆದರೆ 1949ರ ಮುಂಬಯಿ ಪಾನನಿಷೇಧ ಕಾಯ್ದೆ ಇನ್ನೂ ಜೀವಂತವಾಗಿದೆ, ಕಾಗದದ ಮೇಲೆ ಸೀಸೆ ಕೊಳ್ಳಲಿಕ್ಕೂ ಇಟ್ಟುಕೊಳ್ಳಲಿಕ್ಕೂ ಪರವಾನಗಿ ಬೇಕು. ಪಾಯಸದ ಪರಿಮಳಕ್ಕೆ ಪರ್ಮಿಟ್ ತೋರಿಸುವ ಗಮ್ಮತ್ತು ಬೇಕಾದವರು ಮಾಡಲಿ. ಸೊಗದೆಗೆ ಅದರ ಅಗತ್ಯವಿಲ್ಲ.

ಲಾವಂಚದ, ಅಂದರೆ ಖಸ್ ಬೇರಿನ, ಸ್ವಭಾವ ಸೊಗದೆಗೆ ತದ್ವಿರುದ್ಧ. ಅದರ ತೈಲ ಭಾರ, ಬೇರು ಬಿಟ್ಟು ಬರಲು ಹಟ ಮಾಡುತ್ತದೆ. ಬಟ್ಟಿ ಇಳಿಸುವವರು ಗಂಟೆಗಟ್ಟಲೆ ಕಾಯಬೇಕು. ಹಾಗಾಗಿ ಲಾವಂಚವನ್ನು ಮುಚ್ಚಿಟ್ಟು ಸಣ್ಣ ಉರಿಯಲ್ಲಿ ಧೈರ್ಯವಾಗಿ ಕುದಿಸಬಹುದು. ಮಣ್ಣಿನ, ಮೊದಲ ಮಳೆಯ ವಾಸನೆಯ ಆ ಕಷಾಯದ ಬಣ್ಣ ತಿಳಿಗಂದು. ಅಂಗಡಿಯ ಖಸ್ ಶರಬತ್ತಿನ ಗಿಳಿಹಸಿರು ಬೇರಿನದ್ದಲ್ಲ, ಡಬ್ಬಿಯದ್ದು. ಹಸಿರಿಲ್ಲದ ಖಸ್ ಕೊಟ್ಟರೆ ನೆಂಟರು ನಂಬುವುದಿಲ್ಲ, ಅದು ಬೇರೆ ಮಾತು.

ತರಕಾರಿಯವರು ಪುದೀನದ ಜೊತೆ ಕಟ್ಟಿಕೊಡುವ ಗವತಿ ಚಹಾ, ಅಂದರೆ ನಮ್ಮ ಮಜ್ಜಿಗೆ ಹುಲ್ಲು, ಇವೆರಡರ ನಡುವಿನದು. ಬಿಸಿ ಪಾಕವನ್ನು ಕತ್ತರಿಸಿದ ಹುಲ್ಲಿನ ಮೇಲೆ ಸುರಿದು ಮುಚ್ಚಿ, ತಣಿದ ಮೇಲೆ ಸೋಸಿ. ಸೋಡಾ, ನಿಂಬೆಹಣ್ಣು ಸೇರಿದರೆ ಏಪ್ರಿಲ್ ಮಧ್ಯಾಹ್ನಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ತಿಳಿದಿಲ್ಲ.

ಮಾಗಳಿ ಬೇರಿನ ವಿಷಯ ಹೇಳಿಬಿಡುತ್ತೇನೆ. 1926ರಲ್ಲೇ ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ ಕಟ್ಟಿದ ಹಳೆ ಮೈಸೂರಿನವರಿಗೆ ಇದರ ಉಪ್ಪಿನಕಾಯಿ ಪ್ರಾಣ, ಉಳಿದವರಿಗೆ ತಿಗಣೆ ವಾಸನೆ. ಸೊಗದೆಯಲ್ಲಿರುವ ಪರಿಮಳದ ಅಂಶವೇ ಇದರಲ್ಲೂ ಇದೆ, ಬೇರು ದಪ್ಪ, ಘಾಟು ಜಾಸ್ತಿ. ಅದಕ್ಕೇ ಈಚೆಗೆ ಕೆಲವರು ಶರಬತ್ತಿಗೂ ಇದನ್ನೇ ಜಜ್ಜುತ್ತಿದ್ದಾರೆ. ದಕ್ಷಿಣ ಭಾರತದ ಗುಡ್ಡಗಳಲ್ಲಿ ಬಿಟ್ಟು ಬೇರೆಲ್ಲೂ ಬೆಳೆಯದ ಬಳ್ಳಿ ಅದು, ಅಗೆದೂ ಅಗೆದೂ ಅಳಿವಿನ ಅಂಚಿಗೆ ಬಂದಿದೆ. ಸಕ್ಕರೆಯಲ್ಲಿ ಮುಳುಗಿಸಲು ಸೊಗದೆ ಸಾಕು. ಮಾಗಳಿ ಉಪ್ಪಿನಕಾಯಿಯ ಭರಣಿಗಿರಲಿ, ಅದೂ ವರ್ಷಕ್ಕೊಂದೇ ಭರಣಿ.